ಪತ್ತೇದಾರನನ್ನೇ ಹಿಡಿದುಕೊಂಡರೆ?

ಆಗಾಥಾ ಕ್ರಿಸ್ಟಿ 1935ರಲ್ಲಿ ಬರೆದ 'ಡೆತ್ ಇನ್ ದ ಕ್ಲೌಡ್ಸ್' ಕಾದಂಬರಿಯಲ್ಲಿ ಪ್ಯಾರಿಸ್ಸಿನಿಂದ ಇಂಗ್ಲೆಂಡಿಗೆ ಹಾರುತ್ತಿರುವ ವಿಮಾನದೊಳಗೆ ಒಬ್ಬ ಹೆಂಗಸಿನ ಕೊಲೆಯಾಗುತ್ತದೆ. ಬಡ್ಡಿಗೆ ಸಾಲ ಕೊಡುವ ಹೆಂಗಸು. ಅದೇ ವಿಮಾನದಲ್ಲಿ, ಕೆಲವೇ ಆಸನಗಳ ಆಚೆ ಪತ್ತೇದಾರ ಪ್ವಾರೊ ಕೂತಿದ್ದಾನೆ. ಕೂತಿದ್ದಾನೆ ಅನ್ನುವುದಕ್ಕಿಂತ ನಿದ್ದೆ ಹೋಗಿದ್ದಾನೆ ಅನ್ನಬೇಕು. ವಿಮಾನ ಹತ್ತಿದರೆ ಅವನಿಗೆ ಹೊಟ್ಟೆ ತೊಳಸುತ್ತದೆ, ಕಣ್ಣು ಮುಚ್ಚಿ ಒರಗಿಬಿಟ್ಟಿದ್ದಾನೆ. ವಿಷದ ಮುಳ್ಳು ಊದುವ ಕೊಳವೆಯೊಂದು ಆಮೇಲೆ ಸಿಗುತ್ತದೆ. ಎಲ್ಲಿ? ಒಂಬತ್ತನೇ ನಂಬರಿನ ಆಸನದಲ್ಲಿ. ಅದು ಪ್ವಾರೊನ ಆಸನ.

ವಿಚಾರಣೆ ನಡೆಯುತ್ತದೆ. ಜ್ಯೂರಿಯ ಪಂಚರು ಒಳಗೆ ಹೋಗಿ ಮಾತಾಡಿಕೊಂಡು ಬಂದು ತೀರ್ಪಿನ ಚೀಟಿ ಕೊಡುತ್ತಾರೆ. ವಿಚಾರಣಾಧಿಕಾರಿ ಓದಿ ಹುಬ್ಬು ಗಂಟಿಕ್ಕಿ, ಇದನ್ನು ನಾನು ಒಪ್ಪುವುದಿಲ್ಲ ಅನ್ನುತ್ತಾನೆ. ಪಂಚರು ಕೊಲೆಗಾರನೆಂದು ಬರೆದುಕೊಟ್ಟದ್ದು ಪ್ವಾರೊನ ಹೆಸರನ್ನು.

ಇಲ್ಲಿ ನಾವು ನಗುತ್ತೇವೆ. ಈಗ ನೀವೂ ನಕ್ಕಿರಿ. ಯಾಕೆ ನಕ್ಕಿರಿ ಅನ್ನುವುದೇ ಇವತ್ತಿನ ನನ್ನ ಮಾತು.

ಪಂಚರು ದಡ್ಡರು, ಅದಕ್ಕೇ ನಗು ಬಂತು ಅಂತ ಅನ್ನಿಸಬಹುದು. ಒಂದು ನಿಮಿಷ ಅವರ ಜಾಗದಲ್ಲಿ ಕೂತು ನೋಡಿ. ಆಯುಧ ಸಿಕ್ಕಿದ್ದು ಯಾರ ಆಸನದಲ್ಲಿ? ಈ ಮನುಷ್ಯನ ಆಸನದಲ್ಲಿ. ಕೊಲೆಯಾಗುವಾಗ ಏನು ಮಾಡುತ್ತಿದ್ದೆ ಅಂದರೆ ನಿದ್ದೆ ಅನ್ನುತ್ತಾನೆ. ಪರದೇಶದವನು ಬೇರೆ. ಅವನು ಕಥಾನಾಯಕ ಅನ್ನುವುದು ನಮಗೆ ಗೊತ್ತು, ಯಾಕೆಂದರೆ ನಾವು ಪುಸ್ತಕದ ಮುಖಪುಟ ನೋಡಿದ್ದೇವೆ. ಪಂಚರು ಮುಖಪುಟ ನೋಡಿಲ್ಲ. ಅವರು ಕಣ್ಣೆದುರಿನ ಸಾಕ್ಷ್ಯ ಮಾತ್ರ ನೋಡಿದರು, ಅದು ತೋರಿಸಿದ ಕಡೆ ಬೆರಳು ಮಾಡಿದರು. ಅವರ ತರ್ಕದಲ್ಲಿ ಹುಳುಕಿಲ್ಲ. ನಗು ಹುಟ್ಟುವುದು ಅಲ್ಲಿಂದ.

ಪತ್ತೇದಾರನೇ ಶಂಕಿತನಾಗುವ ಹಾಸ್ಯದ ಕಥೆ ಬರೆಯುತ್ತೇವೆ ಅಂತ ಹೊಸಬರು ಹಸ್ತಪ್ರತಿ ತಂದಾಗ ನಾನು ಕೇಳುವ ಮೊದಲ ಪ್ರಶ್ನೆ ಇದು. ಮುಖಪುಟ ಹರಿದುಹಾಕಿ, ನಾಯಕನ ಹೆಸರಿನ ಮೇಲೆ ಕೈ ಇಟ್ಟು ಮುಚ್ಚಿ, ಈಗ ಸಾಕ್ಷ್ಯ ಓದಿ: ನೀವಾಗಿದ್ದರೆ ಇವನನ್ನು ಹಿಡಿಯುತ್ತಿದ್ದಿರಾ? ಹಿಡಿಯುತ್ತಿದ್ದೆ ಅಂದರೆ ಕಥೆಗೆ ಜೀವ ಇದೆ. ಮುಕ್ಕಾಲು ಪಾಲು ಹಸ್ತಪ್ರತಿಗಳಲ್ಲಿ ಪೊಲೀಸ್ ಅಧಿಕಾರಿ ಪೆದ್ದನಾಗಿರುತ್ತಾನೆ, ಯಾವ ಕಾರಣವೂ ಇಲ್ಲದೆ ನಾಯಕನ ಕೊರಳಪಟ್ಟಿ ಹಿಡಿಯುತ್ತಾನೆ. ಅಂಥ ಕಡೆ ಓದುಗನಿಗೆ ಹೆದರಿಕೆಯೂ ಆಗುವುದಿಲ್ಲ, ನಗುವೂ ಬರುವುದಿಲ್ಲ. ಇವೆರಡೂ ಒಂದೇ ಬೇರಿನಿಂದ ಬರಬೇಕು: ಅಯ್ಯೋ, ಇವನು ಹೇಳುವುದೂ ನಿಜವೇ ಅಲ್ಲವೇ ಅನ್ನುವ ಭಾವನೆಯಿಂದ.

ಈ ಪ್ರಕಾರಕ್ಕೆ ಒಂದು ಕಾಲದಲ್ಲಿ ಕಾನೂನುಗಳನ್ನೇ ಬರೆದಿದ್ದರು. 1928ರಲ್ಲಿ ಎಸ್. ಎಸ್. ವ್ಯಾನ್ ಡೈನ್ ಅನ್ನುವ ಅಮೆರಿಕನ್ ಲೇಖಕ ಇಪ್ಪತ್ತು ನಿಯಮ ಪಟ್ಟಿ ಮಾಡಿದ. ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆ ಬರೆದ. ನಾಕ್ಸ್ ಕ್ಯಾಥೊಲಿಕ್ ಪಾದ್ರಿ, ಬೈಬಲ್ಲಿನ ದೇವರ ಕಟ್ಟಳೆಗಳೂ ಹತ್ತು, ಸಂಖ್ಯೆ ಹತ್ತೇ ಆದದ್ದು ಸುಮ್ಮನೆ ಅಲ್ಲ. ಎರಡೂ ಪಟ್ಟಿಗಳು ಒಂದು ಮಾತನ್ನು ಒಪ್ಪುತ್ತವೆ: ಪತ್ತೇದಾರ ಅಪರಾಧಿಯಾಗಿರಕೂಡದು. ಸರಿ. ಆದರೆ ಅವನು ಶಂಕಿತನಾಗಕೂಡದು ಅಂತ ಯಾರೂ ಬರೆದಿಲ್ಲ. ಅಪರಾಧಿ ಮತ್ತು ಶಂಕಿತ, ಇವೆರಡರ ನಡುವೆ ಇರುವ ಸಣ್ಣ ಓಣಿಯಲ್ಲೇ ನಮ್ಮ ಕಥೆ ಓಡಾಡುವುದು.

ಈ ಓಣಿಯನ್ನು ಮೊದಲು ತುಳಿದದ್ದು ಹಾಸ್ಯಗಾರರಲ್ಲ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಸೊಫೊಕ್ಲಿಸ್ ಬರೆದ ಈಡಿಪಸ್ ನಾಟಕವನ್ನು ನೆನಪು ಮಾಡಿಕೊಳ್ಳಿ. ಊರಿಗೆ ಪಿಡುಗು ಬಂದಿದೆ, ಹಿಂದಿನ ರಾಜನ ಕೊಲೆಗಾರ ಸಿಗದೆ ಅದು ತೊಲಗುವುದಿಲ್ಲ. ಹುಡುಕಿಯೇ ತೀರುತ್ತೇನೆ ಅಂತ ಈಡಿಪಸ್ ಎಲ್ಲರೆದುರು ಶಪಥ ಮಾಡುತ್ತಾನೆ, ಕೊಲೆಗಾರನಿಗೆ ಶಾಪವನ್ನೂ ಹಾಕುತ್ತಾನೆ. ಕೇಳುವ ಪ್ರಶ್ನೆಗಳೆಲ್ಲ ಸರಿಯಾದವು, ಕರೆಸುವ ಸಾಕ್ಷಿಗಳೆಲ್ಲ ಸರಿಯಾದವರು. ಒಬ್ಬೊಬ್ಬ ಸಾಕ್ಷಿ ಬಂದಹಾಗೂ ಕುಣಿಕೆ ಬಿಗಿಯುವುದು ಅವನದೇ ಕೊರಳಿಗೆ. ನಮ್ಮ ಹಾಸ್ಯಕಥೆಯ ಎಲುಬಿನ ಗೂಡೂ ಅದೇ. ದುರಂತದಲ್ಲಿ ಸರಿಯಾದ ತನಿಖೆ ತನಿಖೆಗಾರನನ್ನು ಮುಳುಗಿಸುತ್ತದೆ. ಹಾಸ್ಯದಲ್ಲಿ ಮುಳುಗಿಸಿ, ಮೂಗಿನ ತನಕ ನೀರು ಬಂದಾಗ, ಅದೇ ತನಿಖೆ ಕೈ ಹಿಡಿದು ಎತ್ತುತ್ತದೆ. ಎತ್ತುವುದು ಬೇರೆ ಯಾವುದೋ ಅದೃಷ್ಟವಾದರೆ ಓದುಗನಿಗೆ ಮೋಸವಾಯಿತು ಅಂತಲೇ ಲೆಕ್ಕ.

ಈಗ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆಗೆ ಬರುತ್ತೇನೆ. ಇದರಲ್ಲಿ ಕೊಲೆ ಇಲ್ಲ, ಬರೀ ಗಡಿಯಾರದ ಕಳವು. ಆದರೂ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬಸ್ಟರ್ ಕೀಟನ್‌ನ 'ಶೆರ್ಲಾಕ್ ಜೂನಿಯರ್', 1924ರ ಮೂಕಿಚಿತ್ರ. ಕೀಟನ್ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವ ಹುಡುಗ, ಪತ್ತೇದಾರನಾಗುವುದು ಹೇಗೆ ಅನ್ನುವ ಪುಸ್ತಕ ಓದಿಕೊಂಡು ಕನಸು ಕಾಣುತ್ತಿರುತ್ತಾನೆ. ಒಬ್ಬ ಹುಡುಗಿಯ ಮೇಲೆ ಮನಸ್ಸು. ಅವಳಿಗೆ ಕೊಡಲು ಒಂದು ಡಾಲರಿನ ಚಾಕಲೇಟು ಪೆಟ್ಟಿಗೆ ಕೊಳ್ಳುತ್ತಾನೆ. ಕಡಿಮೆಯಾಯಿತಲ್ಲ ಅನ್ನಿಸಿ ಬೆಲೆಯ 1 ಅನ್ನು ಪೆನ್ಸಿಲ್ಲಿನಲ್ಲಿ ತಿದ್ದಿ 4 ಮಾಡುತ್ತಾನೆ. ಅಷ್ಟರಲ್ಲಿ ಅವನ ಪ್ರತಿಸ್ಪರ್ಧಿ ಹುಡುಗಿಯ ಅಪ್ಪನ ಗಡಿಯಾರ ಕದ್ದು ಗಿರವಿ ಇಡುತ್ತಾನೆ. ಸಿಕ್ಕಿದ್ದು ನಾಲ್ಕು ಡಾಲರು.

ಮನೆಯಲ್ಲಿ ಗಡಿಯಾರ ಕಾಣೆ ಅಂತ ಗಲಾಟೆಯಾದಾಗ ನಮ್ಮ ಹುಡುಗ ಪುಸ್ತಕ ಬಿಚ್ಚುತ್ತಾನೆ. ಮೊದಲ ನಿಯಮ: ಎಲ್ಲರನ್ನೂ ಶೋಧಿಸು. ಶಿಸ್ತಾಗಿ ಒಬ್ಬೊಬ್ಬರ ಜೇಬನ್ನೂ ತಡಕುತ್ತಾನೆ. ಹಾಗಾದರೆ ಇವನನ್ನೂ ಶೋಧಿಸೋಣ ಅಂತ ಪ್ರತಿಸ್ಪರ್ಧಿ ಮುಂದೆ ಬರುತ್ತಾನೆ. ಗಿರವಿ ಚೀಟಿ ಹುಡುಗನ ಜೇಬಿನಲ್ಲೇ ಇದೆ, ಆ ಪ್ರತಿಸ್ಪರ್ಧಿಯೇ ತುರುಕಿದ್ದು. ಚೀಟಿಯಲ್ಲಿ ನಾಲ್ಕು ಡಾಲರು, ಚಾಕಲೇಟು ಪೆಟ್ಟಿಗೆಯ ಮೇಲೂ ನಾಲ್ಕು ಡಾಲರು. ಮನೆಯವರು ಬೇರೆ ಏನು ತಿಳಿದುಕೊಳ್ಳಬೇಕು, ಹೇಳಿ?

ಈ ಹೆಣಿಗೆಯನ್ನು ಹತ್ತಿರದಿಂದ ನೋಡಿ. ಹುಡುಗನನ್ನು ಕೆಡವಿದ್ದು ಬರೀ ಚೀಟಿಯಲ್ಲ. ಚೀಟಿ ಹೊರಗಿನವನು ಇಟ್ಟದ್ದು. ಆದರೆ ಆ 4 ಅವನದೇ ಕೈಬರಹ. ಪ್ರೀತಿಯ ಹುಡುಗಿಯ ಎದುರು ಸ್ವಲ್ಪ ದೊಡ್ಡವನಾಗಿ ಕಾಣಬೇಕು ಅಂತ ಹೇಳಿದ ಒಂದು ಸಣ್ಣ ಸುಳ್ಳು. ನಿಜ ಹೇಳಿದರೆ ಬಚಾವಾಗುತ್ತಾನೆ, ಆದರೆ ನಿಜ ಹೇಳುವುದಕ್ಕೆ ನಾಚಿಕೆ. ಪತ್ತೇದಾರನನ್ನು ಶಂಕಿತನಾಗಿಸುವ ಎಲ್ಲ ಒಳ್ಳೆಯ ಹಾಸ್ಯಕಥೆಗಳಲ್ಲೂ ನಾನು ಹುಡುಕುವುದು ಈ ಸಣ್ಣ ಸುಳ್ಳನ್ನೇ. ಕೊಲೆ ಅವನು ಮಾಡಿಲ್ಲ. ಆದರೆ ಮುಚ್ಚಿಟ್ಟದ್ದು ಏನೋ ಇದೆ, ಅದು ಕೊಲೆಗಿಂತ ಸಾವಿರ ಪಾಲು ಚಿಕ್ಕದು, ಅವನಿಗೆ ಮಾತ್ರ ಕೊಲೆಯಷ್ಟೇ ದೊಡ್ಡದು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಚಿತ್ರದಲ್ಲಿ ನಿಜವಾದ ಕಳ್ಳನನ್ನು ಕಂಡುಹಿಡಿಯುವವಳು ಹುಡುಗಿ. ಗಿರವಿ ಅಂಗಡಿಗೆ ಹೋಗಿ, ಚೀಟಿ ಬರೆಸಿಕೊಂಡು ಹೋದವನು ನೋಡಲು ಹೇಗಿದ್ದ ಅಂತ ಕೇಳುತ್ತಾಳೆ. ಒಂದೇ ಪ್ರಶ್ನೆ, ಮೊಕದ್ದಮೆ ಮುಗಿಯಿತು. ಅಷ್ಟು ಹೊತ್ತು ಹುಡುಗ ಪ್ರೊಜೆಕ್ಟರಿನ ಪಕ್ಕ ನಿದ್ದೆ ಮಾಡುತ್ತಾ, ಜಗತ್ತಿನ ಮಹಾ ಪತ್ತೇದಾರ ತಾನೇ ಅಂತ ಕನಸು ಕಾಣುತ್ತಿರುತ್ತಾನೆ.

ನೆರವಿಗೆ ಬಂದದ್ದೇ ಉರುಳಾಗುವುದು ನಮಗೆ ಹೊಸದಲ್ಲ. ಶೂದ್ರಕನ 'ಮೃಚ್ಛಕಟಿಕ'ದ ಒಂಬತ್ತನೇ ಅಂಕದಲ್ಲಿ ಚಾರುದತ್ತನ ಮೇಲೆ ವಸಂತಸೇನೆಯ ಕೊಲೆಯ ಆರೋಪ ಬಂದಿದೆ. ಗೆಳೆಯನ ಪರ ನಿಲ್ಲಲು ಮೈತ್ರೇಯ ನ್ಯಾಯಸಭೆಗೆ ಓಡಿ ಬರುತ್ತಾನೆ, ಆರೋಪ ಹೊರಿಸಿದ ಶಕಾರನ ಜೊತೆ ಜಟಾಪಟಿಗೆ ಬೀಳುತ್ತಾನೆ. ಆ ಎಳೆದಾಟದಲ್ಲಿ ಅವನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ಎಲ್ಲರ ಮುಂದೆ ಉದುರುತ್ತವೆ. ಅವಳಿಗೆ ವಾಪಸು ಕೊಡಲೆಂದು ಹೊತ್ತುಕೊಂಡಿದ್ದ ಒಡವೆ. ನಗಬೇಕೋ ಎದೆ ಹಿಡಿದುಕೊಳ್ಳಬೇಕೋ ತಿಳಿಯದ ಆ ಕ್ಷಣ ಇದೆಯಲ್ಲ, ಅದನ್ನು ಹಿಡಿಯಬಲ್ಲವನೇ ಈ ಬಗೆಯ ಕಥೆ ಬರೆಯಬೇಕು.

ಈಗ ನಾವೇ ಒಂದು ಕಥೆ ಕಟ್ಟೋಣ. ಒಂದು ಹಳೆಯ ಗ್ರಂಥಾಲಯ, ಅದಕ್ಕೊಂದು ಓದುಗರ ಸಂಘ. ಸಂಘದ ಸದಸ್ಯರಲ್ಲಿ ಒಬ್ಬ ಹೆಸರಾಂತ ಪತ್ತೇದಾರ. ಹೋದ ತಿಂಗಳು ಅವನಿಂದ ಒಂದು ಉಪನ್ಯಾಸ ಇಡಿಸಿದ್ದರು: 'ಕೊಲೆಗಾರರು ಮಾಡುವ ಐದು ತಪ್ಪುಗಳು'. ಕೇಳಲು ಬಂದವರು ಒಂಬತ್ತು ಜನ. ಅವರಲ್ಲಿ ಏಳು ಜನ ನಿದ್ದೆ ಹೋದರು. ಈ ತಿಂಗಳು ಗ್ರಂಥಾಲಯದ ಕಾರ್ಯದರ್ಶಿ ವಾಚನಾಲಯದಲ್ಲಿ ಹೆಣವಾಗಿ ಸಿಗುತ್ತಾರೆ. ಪಕ್ಕದಲ್ಲಿ ಒಡೆದ ಗೋಡೆ ಗಡಿಯಾರ, ಮುಳ್ಳು ಐದು ಗಂಟೆಗೆ ನಿಂತಿದೆ. ಪೊಲೀಸ್ ಅಧಿಕಾರಿ ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತಾನೆ. ಕೊಲೆಗಾರ ಉಪನ್ಯಾಸದ ಐದೂ ತಪ್ಪುಗಳನ್ನು ನೆನಪಿಟ್ಟು ತಪ್ಪಿಸಿಕೊಂಡಿದ್ದಾನೆ. ಅಷ್ಟು ಶ್ರದ್ಧೆಯಿಂದ ಆ ಉಪನ್ಯಾಸ ಕೇಳಿದವರು ಯಾರು? ಉಪನ್ಯಾಸಕ ಒಬ್ಬನೇ.

ಸಾಲದ್ದಕ್ಕೆ, ಅದೇ ಸಂಜೆ ಆರು ಗಂಟೆಗೆ ಹೊರಗಿನ ಪಡಸಾಲೆಯಲ್ಲಿ ಪತ್ತೇದಾರನಿಗೂ ಕಾರ್ಯದರ್ಶಿಗೂ ಜೋರು ಜಗಳವಾಗಿದೆ. ವಿಷಯ, ವಾಪಸು ಕೊಡದ ಪುಸ್ತಕ. ಹತ್ತಾರು ಜನ ನೋಡಿದ್ದಾರೆ. ಗಡಿಯಾರ ಹೇಳುವುದು ನಿಜವಾದರೆ ಕಾರ್ಯದರ್ಶಿ ಸತ್ತ ಒಂದು ಗಂಟೆಯ ಮೇಲೆ ಎದ್ದು ಬಂದು ಜಗಳವಾಡಿದಂತಾಯಿತು. ಅಂದರೆ ಮುಳ್ಳನ್ನು ಯಾರೋ ಬೇಕೆಂದೇ ತಿರುಗಿಸಿದ್ದಾರೆ. 'ನಾನೇ ಮಾಡಿದ್ದರೆ ಐದಕ್ಕೆ ಇಡುತ್ತಿದ್ದೆನಾ? ಆರಕ್ಕೆ ಅವರ ಜೊತೆ ಜಗಳವಾಡಿದ್ದು ನಾನೇ!' ಅಂತ ಪತ್ತೇದಾರ ಕೇಳುತ್ತಾನೆ. 'ನೀವು ಹೀಗೆ ವಾದಿಸಲಿ ಅಂತಲೇ ಐದಕ್ಕೆ ಇಟ್ಟಿರಿ' ಅನ್ನುತ್ತಾನೆ ಅಧಿಕಾರಿ. ನೋಡಿ, ಅಧಿಕಾರಿ ಪೆದ್ದನಲ್ಲ. ಪೆದ್ದನಾಗಿದ್ದರೆ ಈ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ.

ಇಲ್ಲಿಂದ ಕಥೆಯ ಹಾಸ್ಯ ಪತ್ತೇದಾರನ ಸ್ವಭಾವದಿಂದಲೇ ಬರಬೇಕು. ಕೆಟ್ಟ ತನಿಖೆಯನ್ನು ಅವನಿಂದ ಸಹಿಸಲಾಗುವುದಿಲ್ಲ, ಅದು ತನ್ನ ಮೇಲಿನ ತನಿಖೆಯಾದರೂ ಸರಿ. ಅಧಿಕಾರಿ ಹೊರಟು ಬಾಗಿಲ ತನಕ ಹೋದಾಗ ಇವನೇ ಕರೆಯುತ್ತಾನೆ: 'ನನ್ನ ಚಪ್ಪಲಿಯ ಅಳತೆ ತೆಗೆದುಕೊಳ್ಳುವುದನ್ನೇ ಮರೆತಿರಿ.' ಅಳತೆ ತೆಗೆಯುತ್ತಾರೆ. ಹೊಂದಿಕೆಯಾಗುತ್ತದೆ. ಅವನಿಗೆ ಒಂದು ಕಡೆ ಬೆವರು, ಇನ್ನೊಂದು ಕಡೆ ಕೆಲಸ ಸರಿಯಾಗಿ ನಡೆಯಿತಲ್ಲ ಅನ್ನುವ ಸಮಾಧಾನ. ವರ್ಷಗಟ್ಟಲೆ ಜೊತೆಗಿದ್ದ ಸಹಾಯಕನದು ಇನ್ನೊಂದು ಪಾಡು. 'ನೀವಲ್ಲ ಅಂತ ನನಗೆ ಗೊತ್ತು ಸಾರ್. ಆದರೂ ಕೊಲೆಯಾದ ಹೊತ್ತಿಗೆ, ಏಳು ಗಂಟೆಗೆ, ಎಲ್ಲಿದ್ರಿ?' ಆ 'ಆದರೂ' ಪದದಲ್ಲಿ ಒಂದು ಅಧ್ಯಾಯವೇ ಇದೆ. ಆ ಸಹಾಯಕನಿಗೆ ಹೀಗೆ ಕೇಳುವುದನ್ನು ಕಲಿಸಿದವನು ಈ ಪತ್ತೇದಾರನೇ, ಯಾರನ್ನೂ ನಂಬಬೇಡ ಅಂತ ದಿನಾ ಹೇಳುತ್ತಿದ್ದವನು.

ತರ್ಕ ಅನ್ನುವುದು ಒಡೆಯನ ಕಡೆಗೂ ತಿರುಗುವ ಕತ್ತಿ ಎಂದು ಈ ಪ್ರಕಾರದಲ್ಲಿ ಎಲ್ಲರಿಗಿಂತ ಚೆನ್ನಾಗಿ ತೋರಿಸಿದವನು ಆಂಟನಿ ಬರ್ಕ್ಲಿ. 1929ರ 'ದ ಪಾಯ್ಸನ್ಡ್ ಚಾಕಲೇಟ್ಸ್ ಕೇಸ್' ಕಾದಂಬರಿಯಲ್ಲಿ ಆರು ಜನ ಹವ್ಯಾಸಿಗಳು ಒಂದೇ ಕೊಲೆಗೆ ಒಬ್ಬರಾದ ಮೇಲೊಬ್ಬರು ಪರಿಹಾರ ಹೇಳುತ್ತಾರೆ. ಅವರಲ್ಲೊಬ್ಬ ಪತ್ತೇದಾರಿ ಕಾದಂಬರಿಕಾರ. ಕೊಲೆಗಾರನಿಗೆ ಇರಲೇಬೇಕಾದ ಲಕ್ಷಣಗಳನ್ನು ಅವನು ಪಟ್ಟಿ ಮಾಡುತ್ತಾನೆ, ಅವೆಲ್ಲಕ್ಕೂ ಹೊಂದುವ ಮನುಷ್ಯನನ್ನು ಹುಡುಕುತ್ತಾನೆ, ತನ್ನ ಹೆಸರೇ ಬಂತು ಅಂತ ಸಭೆಯೆದುರು ಸಾಧಿಸಿ ತೋರಿಸುತ್ತಾನೆ. ಓದುವಾಗ ನಕ್ಕು, ಪುಸ್ತಕ ಮುಚ್ಚಿದ ಮೇಲೆ ಸುಮ್ಮನೆ ಕೂತದ್ದು ನನಗೆ ಇನ್ನೂ ನೆನಪಿದೆ. ಬೇಕಾದ ಸಾಕ್ಷ್ಯ ಆರಿಸಿಕೊಂಡರೆ ಯಾರನ್ನು ಬೇಕಾದರೂ ನೇಣಿಗೆ ಹಾಕಬಹುದು ಎಂದು ಅಷ್ಟು ಲವಲವಿಕೆಯಿಂದ ಹೇಳಿದ ಪುಸ್ತಕ ಅದು.

ಈಗ ಹೇಳುವುದರಲ್ಲಿ ಒಂದು ಕಾದಂಬರಿಯ ಗುಟ್ಟು ರಟ್ಟಾಗುತ್ತದೆ. ಇಸ್ರೇಲ್ ಝಾಂಗ್ವಿಲ್‌ನ 'ದ ಬಿಗ್ ಬೋ ಮಿಸ್ಟರಿ' ಓದಬೇಕು ಅಂದುಕೊಂಡವರು ಈ ಒಂದು ಪ್ಯಾರಾ ಬಿಟ್ಟುಬಿಡಿ. 1892ರಲ್ಲಿ ಪುಸ್ತಕವಾಗಿ ಬಂದದ್ದು, ಒಳಗಿನಿಂದ ಚಿಲಕ ಹಾಕಿದ ಕೋಣೆಯ ಕೊಲೆ, ಪುಟಪುಟಕ್ಕೂ ಹಾಸ್ಯ. ಬಾಗಿಲು ಒಡೆದು ಮೊದಲು ಒಳಗೆ ನುಗ್ಗುವವನು ನಿವೃತ್ತ ಪತ್ತೇದಾರ. ಕೊನೆಗೆ ಕೊಲೆಗಾರನೂ ಅವನೇ, ಯಾರಿಂದಲೂ ಬಿಡಿಸಲಾಗದ ಅಪರಾಧವೊಂದನ್ನು ಮಾಡಿ ತೋರಿಸಬೇಕೆಂಬ ಹಂಬಲದವನು. ನಿಯಮಗಳು ಬರುವ ಮೂವತ್ತಾರು ವರ್ಷ ಮೊದಲೇ ನಿಯಮ ಮುರಿದ ಪುಸ್ತಕ. ಇದು ಮೋಸ ಅಂತ ವ್ಯಾನ್ ಡೈನ್ ಅಂದಾನು. ನಾನು ಅನ್ನುವುದಿಲ್ಲ. ಅವನು ಒಳನುಗ್ಗಿದ್ದು ನಮ್ಮ ಕಣ್ಣೆದುರೇ. ನೋಡಿದ್ದೆವು, ಪತ್ತೇದಾರ ತಾನೇ ಅಂತ ಬಿಟ್ಟೆವು.

ಸತ್ತವರ ವಿಷಯಕ್ಕೆ ಬರುತ್ತೇನೆ. ಹಾಸ್ಯದ ಕೊಲೆಕಥೆಯಲ್ಲಿ ನನಗೆ ಅತಿ ಬೇಸರ ತರುವುದು ಹೆಣವನ್ನು ಸಾಮಾನಿನ ಹಾಗೆ ಎಳೆದಾಡುವುದು. ಸತ್ತದ್ದು ಮನುಷ್ಯ. ನಮ್ಮ ಕಥೆಯ ಕಾರ್ಯದರ್ಶಿಗೆ ಒಂದು ಪುಟವನ್ನಾದರೂ ಕೊಡಿ. ನಾನು ಕೊಡುವ ಪುಟ ಹೀಗಿರುತ್ತದೆ: ಪುಸ್ತಕ ಎರವಲು ಒಯ್ದವರ ಹೆಸರನ್ನು ಅವರು ವಹಿಯಲ್ಲಿ ಶಾಯಿಯಿಂದ ಬರೆಯುತ್ತಾರೆ, ಆದರೆ ತಡ ಮಾಡಿದವರು ಅನ್ನುವ ಗುರುತನ್ನು ಮಾತ್ರ ಪೆನ್ಸಿಲ್ಲಿನಿಂದ. ಪುಸ್ತಕ ವಾಪಸು ಬಂದ ದಿನ ಅಳಿಸಿಬಿಡಬಹುದು ಅಂತ. ಇಷ್ಟು ಗೊತ್ತಾದ ಮೇಲೆ ಓದುಗ ನಗುವಾಗಲೂ ಕೊಲೆಗಾರ ಸಿಗಲಿ ಅಂತ ಮನಸಾರೆ ಬಯಸುತ್ತಾನೆ.

ಕಥೆಯಾಚೆಗೂ ಇಂಥದ್ದು ನಡೆದಿದೆ. 1993ರಿಂದ 2009ರ ತನಕ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿತು. ಕೊಲೆಯ ಜಾಗದಲ್ಲೂ ಅವಳೇ, ಸಣ್ಣ ಕಳವಿನ ಜಾಗದಲ್ಲೂ ಅವಳೇ. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೊ ಬಹುಮಾನ ಘೋಷಿಸಿದರು. ಕೊನೆಗೆ ಗೊತ್ತಾಯಿತು: ಆ ಡಿಎನ್‌ಎ, ಮಾದರಿ ಒರೆಸಿ ತೆಗೆಯುವ ಹತ್ತಿಕಡ್ಡಿಗಳ ತಯಾರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರದು. ಅಪರಾಧಿಯ ಗುರುತನ್ನು ಸ್ಥಳಕ್ಕೆ ಹೊತ್ತು ತಂದವರು ತನಿಖೆ ಮಾಡುವವರೇ, ತಮ್ಮ ಪೆಟ್ಟಿಗೆಯಲ್ಲೇ.

ಇದನ್ನು ಕೇಳಿ ನಗು ಬರುತ್ತದೆ, ಬರಲಿ. ಆದರೆ ಇನ್ನೊಂದು ಪ್ರಸಂಗಕ್ಕೆ ನಗಲು ನನ್ನಿಂದ ಆಗದು. 1997ರಲ್ಲಿ ಸ್ಕಾಟ್‌ಲೆಂಡಿನ ಒಂದು ಕೊಲೆಯ ಮನೆಯೊಳಗೆ ಸಿಕ್ಕ ಬೆರಳಚ್ಚು ಅದೇ ತನಿಖೆಯಲ್ಲಿದ್ದ ಮಹಿಳಾ ಪೊಲೀಸ್ ಒಬ್ಬರದು ಎಂದು ತಜ್ಞರು ಹೇಳಿದರು. ನಾನು ಆ ಮನೆಯೊಳಗೆ ಕಾಲಿಟ್ಟೇ ಇಲ್ಲ ಎಂದು ಅವರು ಪ್ರಮಾಣ ಮಾಡಿ ಹೇಳಿದ್ದಕ್ಕೆ ಸುಳ್ಳು ಸಾಕ್ಷಿಯ ಮೊಕದ್ದಮೆ ಹೂಡಿದರು. 1999ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು. ಆ ಬೆರಳಚ್ಚು ಅವರದಲ್ಲವೇ ಅಲ್ಲ ಎಂದು ವಿಚಾರಣಾ ವರದಿ ಬಂದದ್ದು 2011ರಲ್ಲಿ. ಹದಿನಾಲ್ಕು ವರ್ಷ. ನನ್ನನ್ನು ನಂಬಿ ಅನ್ನುವವರ ದನಿ ಹೇಗಿರುತ್ತದೆ ಅನ್ನುವುದು ಗೊತ್ತಿರುವವನು ಮಾತ್ರ ಆ ದನಿಯನ್ನು ಹಾಸ್ಯಕ್ಕೆ ತರಬೇಕು. ಅದಕ್ಕೇ ನನ್ನ ಪತ್ತೇದಾರ ಒಂದು ಕಡೆಯಾದರೂ ನಿಜವಾಗಿ ಹೆದರುತ್ತಾನೆ. ರಾತ್ರಿ ಒಬ್ಬನೇ ಕೂತು ತನ್ನ ಮೇಲಿನ ಸಾಕ್ಷ್ಯವನ್ನೆಲ್ಲ ಕಾಗದದ ಮೇಲೆ ಬರೆದು ನೋಡುತ್ತಾನೆ. ಒಂದು ಕ್ಷಣ ಅವನಿಗೇ ಅನುಮಾನ ಬರುತ್ತದೆ.

ಕಥೆ ಹೇಗೆ ಮುಗಿಯುತ್ತದೆ ಅಂತ ಮುಂದಿನ ಸಾಲಿನಿಂದ ಕೇಳಿದರು. ಹೇಳುತ್ತೇನೆ. ಗಡಿಯಾರವೇ ಅವನನ್ನು ಸಿಕ್ಕಿಸಿದ್ದು, ಗಡಿಯಾರವೇ ಬಿಡಿಸಬೇಕು. ಸಾವಿನ ಹೊತ್ತನ್ನು ಮರೆಸುವವನು ಮುಳ್ಳನ್ನು ಮುಂದಕ್ಕೆ ತಿರುಗಿಸಬೇಕು, ಆಮೇಲೆ ಹೋಗಿ ಆ ಹೊತ್ತಿಗೆ ನಾಲ್ಕು ಜನರ ನಡುವೆ ಕೂತಿರಬೇಕು. ಪತ್ತೇದಾರ ತನ್ನ ಟಿಪ್ಪಣಿಯಲ್ಲಿ ಕೈತಪ್ಪಿ 'ಎರಡು ಗಂಟೆ ಹಿಂದಕ್ಕೆ' ಅಂತ ಬರೆದಿದ್ದ. ಉಪನ್ಯಾಸದಲ್ಲೂ ಹಾಗೇ ಓದಿದ. ಎಚ್ಚರವಾಗಿದ್ದ ಇಬ್ಬರಲ್ಲಿ ಒಬ್ಬರು ಸಂಘದಲ್ಲಿ ಅವನನ್ನು ಕಂಡರಾಗದ ಒಬ್ಬ ಮೇಷ್ಟ್ರು. ಎದ್ದು ನಿಂತು, 'ಹಿಂದಕ್ಕಲ್ಲ, ಮುಂದಕ್ಕೆ!' ಅಂದರು. ನಿದ್ದೆ ಹೋದವರೂ ಎಚ್ಚರಗೊಳ್ಳುವಷ್ಟು ಜೋರಾಗಿ. ಪತ್ತೇದಾರ ಸಾಲನ್ನು ತಿದ್ದಿ ಓದಿದ. ಆದರೆ ಆವತ್ತಿನಿಂದ ಒಂದು ತಿಂಗಳು, ನಾನು ಮೊದಲೇ ಮುಂದಕ್ಕೆ ಅಂದಿದ್ದೆ, ಮೇಷ್ಟ್ರಿಗೆ ಕಿವಿ ಮಂದ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ಇವನ 1 ಡಾಲರು 4 ಆದದ್ದು ಇಲ್ಲಿ.

ಕೊಲೆಗಾರ ಏಳಕ್ಕೆ ಕೊಂದು ಮುಳ್ಳನ್ನು ಐದಕ್ಕೆ ತಂದಿಟ್ಟಿದ್ದಾನೆ, ಎರಡು ಗಂಟೆ ಹಿಂದಕ್ಕೆ. ಅಂದರೆ ಅವನು ಉಪನ್ಯಾಸಕ್ಕೆ ಬಂದವನಲ್ಲ, ತಿದ್ದಿದ್ದನ್ನು ಕೇಳಿದವನಲ್ಲ. ಟಿಪ್ಪಣಿಯನ್ನು ಓದಿದವನು, ಆರು ಗಂಟೆಯ ಜಗಳವನ್ನೂ ಕಾಣದವನು. ಸಂಘದ ಪತ್ರಿಕೆಗೆ ಅಚ್ಚು ಮಾಡಲೆಂದು ಆ ಹಾಳೆಗಳು ಹೋದದ್ದು ಒಬ್ಬನ ಕೈಗೆ, ಅವನು ಆ ಸಂಜೆ ಗ್ರಂಥಾಲಯಕ್ಕೆ ಬಂದದ್ದು ಆರೂವರೆಯ ಮೇಲೆ. ಸಂಘದ ಹಣದ ಲೆಕ್ಕವೂ ಅವನದೇ ಕೈಯಲ್ಲಿತ್ತು ಅನ್ನುವುದನ್ನು ಎರಡನೇ ಅಧ್ಯಾಯದಲ್ಲೇ ಒಂದು ಸಾಲಿನಲ್ಲಿ ಹೇಳಿಟ್ಟಿರಿ, ಮರೆಯಬೇಡಿ.

ಇದನ್ನು ಸಾಧಿಸಲು ಉಪನ್ಯಾಸದಲ್ಲಿ ಸಾಲು ತಿದ್ದಿದ್ದಕ್ಕೆ ಸಾಕ್ಷಿ ಬೇಕು. ಅಧಿಕಾರಿ ಮೇಷ್ಟ್ರನ್ನು ಕೇಳುತ್ತಾನೆ. ಮೇಷ್ಟ್ರು ಪತ್ತೇದಾರನ ಮುಖ ನೋಡಿ, 'ಅವರೇ ಹೇಳಲಿ' ಅನ್ನುತ್ತಾರೆ. ಇಡೀ ಸಂಘ ಕೂತಿದೆ. ಪತ್ತೇದಾರ ಗಂಟಲು ಸರಿಮಾಡಿಕೊಳ್ಳುತ್ತಾನೆ. 'ನಾನು ಹಿಂದಕ್ಕೆ ಅಂತ ಓದಿದೆ. ಮೇಷ್ಟ್ರು ಎದ್ದು ಮುಂದಕ್ಕೆ ಅಂದರು. ಅವರು ಹೇಳಿದ್ದೇ ಸರಿ.'

'ಇನ್ನೊಂದು ಸಲ,' ಅನ್ನುತ್ತಾರೆ ಮೇಷ್ಟ್ರು. 'ನನಗೆ ಕಿವಿ ಮಂದ.'

ಎಲ್ಲ ಮುಗಿದು ಜನ ಚದುರಿದ ಮೇಲೆ ಅವನು ವಾಚನಾಲಯಕ್ಕೆ ಹೋಗುತ್ತಾನೆ. ಒಯ್ದಿದ್ದ ಪುಸ್ತಕವನ್ನು ಅದರ ಜಾಗದಲ್ಲಿ ಇಡುತ್ತಾನೆ, ವಹಿ ಬಿಚ್ಚುತ್ತಾನೆ. ಅವನ ಹೆಸರಿನ ಮುಂದೆ ಪೆನ್ಸಿಲ್ಲಿನ ಗುರುತು ಹಾಗೇ ಇದೆ. ಮೇಜಿನ ಮೇಲೆ ರಬ್ಬರೂ ಇದೆ. ಕೈಗೆ ತೆಗೆದುಕೊಂಡು, ಅಳಿಸದೆ, ವಹಿಯ ಮೇಲೆ ಇಟ್ಟು ದೀಪ ಆರಿಸುತ್ತಾನೆ.